ಉಡುಪಿಯ ಭಾನುವಾರದ ತತ್ತ್ವಶಾಸ್ತ್ರ ತರಗತಿ: ಅರ್ನೋ ಉಂಟು, ಎಲಿಜಬೆತ್ ಇಲ್ಲ

ಪಾಶ್ಚಾತ್ಯ ತತ್ತ್ವಶಾಸ್ತ್ರದಲ್ಲಿ ಯಾರೂ ಪ್ರಶ್ನಿಸದೆ ಒಪ್ಪಿಕೊಂಡು ಬಂದ ಊಹೆಗಳನ್ನು ಹೊರಗೆಳೆಯುವ ಆರು ವಾರದ ತರಗತಿ ಇದು. ರಥಬೀದಿಗೆ ಹತ್ತಿರ, ದಿನಕ್ಕೆ ಎರಡು ಗಂಟೆ. ಮೊದಲ ಮೂರು ವಾರಕ್ಕಾಗಿಯಾದರೂ ಸೇರಲೇಬೇಕು.

ಕಲಿಸುವ ಕ್ರಮ ಗಟ್ಟಿಯಾಗಿದೆ. ಹತ್ತು ಸಾಲಿನ ಒಂದು ಭಾಗ ಕೊಡುತ್ತಾರೆ. ತೀರ್ಮಾನವನ್ನು ಹಾಳೆಯ ಕೆಳಗೆ, ಲೇಖಕ ಬಾಯಿಬಿಟ್ಟು ಹೇಳಿದ ಕಾರಣಗಳನ್ನು ಮೇಲೆ ಬರೆಯಬೇಕು. ನಡುವೆ ಹೇಳದೆ ಬಿಟ್ಟ ಕೊಂಡಿಯನ್ನು ಕೆಂಪು ಪೆನ್ನಿನಲ್ಲಿ ಬರೆದು, ಅದನ್ನು ಹೊಡೆದುಹಾಕಿದರೆ ತೀರ್ಮಾನ ನಿಲ್ಲುತ್ತದೋ ನೋಡಬೇಕು. ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ 1641ರ 'ಮೆಡಿಟೇಶನ್ಸ್' ಪುಸ್ತಕದಲ್ಲಿ ಇಟ್ಟ ವಾದ ತೆಗೆದುಕೊಳ್ಳಿ: ದೇಹ ಇದೆಯೇ ಎಂದು ಸಂಶಯಪಡಬಲ್ಲೆ, ಯೋಚಿಸುವ ನಾನು ಇದ್ದೇನೆ ಎಂಬುದರಲ್ಲಿ ಸಂಶಯವಿಲ್ಲ, ಹಾಗಾಗಿ ಇವೆರಡೂ ಬೇರೆ ಬೇರೆ ದ್ರವ್ಯ, ಅಂದರೆ ಒಂದಿಲ್ಲದೆ ಇನ್ನೊಂದು ಇರಬಲ್ಲ ವಸ್ತುಗಳು. ಕೆಂಪು ಸಾಲು: ಅರಿವಿಗೆ ಬೇರೆಯಾಗಿ ತೋರಿದ್ದು ವಾಸ್ತವದಲ್ಲೂ ಬೇರೆ. ಫ್ರಾನ್ಸಿನದೇ ದೇವತಾಶಾಸ್ತ್ರಜ್ಞ ಅರ್ನೋ ಅದೇ ವರ್ಷ ಈ ಲೋಪವನ್ನು ಹಿಡಿದಿದ್ದ. ತ್ರಿಭುಜ ಲಂಬಕೋನದ್ದೆಂದು ಖಚಿತವಾಗಿ ಬಲ್ಲವನಿಗೂ ಪೈಥಾಗೊರಸನ ಪ್ರಮೇಯದಲ್ಲಿ ಸಂಶಯ ಇರಬಹುದು. ಅಷ್ಟಕ್ಕೇ ಆ ಗುಣ ತ್ರಿಭುಜವನ್ನು ಬಿಟ್ಟುಹೋಗುತ್ತದೆಯೇ? ಬೋರ್ಡಿನ ಮೇಲೆ ಚಿತ್ರ ಬರೆದೇ ಇದನ್ನು ವಿವರಿಸುತ್ತಾರೆ. ದೆಕಾರ್ತ ಕೊಟ್ಟ ಉತ್ತರವನ್ನೂ ಓದಿಸುತ್ತಾರೆ, ಇದು ಬಹಳ ಮುಖ್ಯ. ಎದುರಾಳಿಯ ವಾದವನ್ನು ತೆಳುಮಾಡಿ ಗೆಲ್ಲುವ ಚಟ ಇದರಿಂದ ತಪ್ಪುತ್ತದೆ.

ಎಡವುವುದು ನಾಲ್ಕನೇ ವಾರ. ಭೇದದೃಷ್ಟಿ ಪಶ್ಚಿಮದ್ದು, ಅಖಂಡ ದೃಷ್ಟಿ ನಮ್ಮದು ಎಂದು ನೋಟ್ಸಿನಲ್ಲಿದೆ. ಪಂಚಭೇದ, ಅಂದರೆ ದೇವರು, ಜೀವ, ಜಡಗಳ ನಡುವಿನ ಐದು ಭೇದ ಬೋಧಿಸಿದ ಮಧ್ವಾಚಾರ್ಯರ ಊರಿನಲ್ಲಿ ಈ ವಾಕ್ಯ ಹೇಗೆ ದಾಟಿತು? ಜೀವ-ಜಡ ಭೇದ ಅವರ ದ್ವೈತದಲ್ಲೂ ಉಂಟು, ಆದರೆ ಗೆರೆ ಬೀಳುವ ಜಾಗ ಬೇರೆ. ದೆಕಾರ್ತನಿಗೆ ಮನಸ್ಸೇ ಆತ್ಮ. ದ್ವೈತದಲ್ಲಿ ಮನಸ್ಸು ಒಂದು ಇಂದ್ರಿಯ, ಜಡದ ಪಾಲಿನದು. ಸುಖದುಃಖವನ್ನು ನೇರವಾಗಿ ಅರಿಯುವುದು ಸಾಕ್ಷಿ, ಅಂದರೆ ಜೀವದ್ದೇ ಆದ ಅರಿಯುವ ಶಕ್ತಿ. ಎರಡನ್ನೂ ಅಕ್ಕಪಕ್ಕ ಇಟ್ಟಿದ್ದರೆ, ಗೆರೆ ಇಲ್ಲೇ ಬೀಳಬೇಕೆಂಬುದೂ ಒಂದು ಊಹೆ ಎಂಬುದು ತಾನಾಗಿ ಹೊಳೆಯುತ್ತಿತ್ತು. ಅದರ ಬದಲು ಒಂದು ಊಹೆ ತೆಗೆದು ಇನ್ನೊಂದನ್ನು ಕೂರಿಸಿದ್ದಾರೆ, ಅದಕ್ಕೆ ಕೆಂಪು ಪೆನ್ನು ತಾಗುವುದೇ ಇಲ್ಲ.

ದೇಹವಿಲ್ಲದ ಆತ್ಮ ದೇಹವನ್ನು ಹೇಗೆ ಅಲುಗಿಸುತ್ತದೆ ಎಂದು 1643ರಲ್ಲೇ ದೆಕಾರ್ತನಿಗೆ ಪತ್ರ ಬರೆದು ಕೇಳಿದವಳು ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್. ಆ ಪತ್ರ ಪಾಠದಲ್ಲಿಲ್ಲ. ಇದ್ದಿದ್ದರೆ 'ಪಶ್ಚಿಮ' ಎಂದರೆ ಒಂದೇ ದನಿ ಎಂಬ ಭ್ರಮೆಯೂ ಹೋಗುತ್ತಿತ್ತು. ದೆಕಾರ್ತನ ನಂತರದ ತತ್ತ್ವಜ್ಞಾನಿಗಳಾದ ಹ್ಯೂಮ್, ಕಾಂಟ್ ಇಬ್ಬರನ್ನೂ ಕೊನೆಯ ವಾರಕ್ಕೆ ತುರುಕಿದ್ದಾರೆ.

ಸೇರುವವರು 'ಮೆಡಿಟೇಶನ್ಸ್'ನ ಎರಡನೇ ಮತ್ತು ಆರನೇ ಭಾಗ ಓದಿಕೊಂಡು ಹೋಗಿ. ಮುಂದಿನ ಸಾಲಿನಲ್ಲೇ ಕೂರಿ. ತಿದ್ದುವವರು ಒಬ್ಬರೇ, ಹಿಂದಿನ ಬೆಂಚಿನ ಹಾಳೆಗಳು ಹಾಗೇ ಉಳಿಯುತ್ತವೆ.