ಹಳೇ ಟ್ರಾಲಿ ಜಾಕ್ ಸೀಲ್ ಮಾಡಿಸೋರು ಮೊದಲು ಆಯಿಲ್ ಡಬ್ಬಿ ನೋಡಿ

ದಾವಣಗೆರೆ ಕಡೆ ಹಳೇ ಹೈಡ್ರಾಲಿಕ್ ಜಾಕ್ ರಿಪೇರಿಗೆ ಕೊಡೋರಿದ್ದರೆ ಇದನ್ನು ಓದಿ ಆಮೇಲೆ ಕೊಡಿ. ಅಂಗಡಿ ಹೆಸರು ಹಾಕಲ್ಲ. ಹೀಗೆ ಮಾಡೋರು ಅವರೊಬ್ಬರೇ ಅಲ್ಲ.

ನಮ್ಮದು ದೊಡ್ಡಪ್ಪನ ಅಂಬಾಸಿಡರ್ ಟ್ಯಾಕ್ಸಿ ಕಾಲದ ಎರಡು ಟನ್ ಜಾಕ್. ಎರಕದ ಮೈ, ಅಳತೆಯೆಲ್ಲ ಇಂಚಿನಲ್ಲಿ. ಗಾಡಿ ಎತ್ತುತ್ತಿತ್ತು, ಆದರೆ ರ‍್ಯಾಮ್ (ಭಾರ ಎತ್ತುವ ಉಕ್ಕಿನ ದಂಡ) ಸುತ್ತ ಆಯಿಲ್ ಜಿನುಗಿ ನಿಧಾನಕ್ಕೆ ಇಳಿಯುತ್ತಿತ್ತು. ಆಯಿಲ್ ತಡೆಯುವ ಸೀಲ್ ಸವೆದಿದೆ ಅಷ್ಟೇ, ದೊಡ್ಡ ರೋಗವೇನಲ್ಲ. ಊರಲ್ಲೇ ಒಂದು ಕಡೆ ಕೊಟ್ಟೆ. ವಾಪಸ್ ತಂದಾಗ ಹೊಸ ಬಣ್ಣ, ಹೊಸ ಬೋಲ್ಟು. "ಎಲ್ಲಾ ಸೀಲ್ ಹೊಸಾವು ಅಣ್ಣ, ಪವರ್ರೂ ಸ್ವಲ್ಪ ಜಾಸ್ತಿ ಮಾಡೀನಿ" ಅಂದರು. ಆ ಪವರ್ ಮಾತಿನ ಅರ್ಥ ತಿಳಿದದ್ದು ಕೊನೆಗೆ.

ಮೊದಮೊದಲು ಚೆನ್ನಾಗೇ ಎತ್ತಿತು. ಆಮೇಲೆ ಹ್ಯಾಂಡಲ್ ಮೆತ್ತಗಾಯಿತು, ಜಾಕ್ ಇಳಿಸುವ ರಿಲೀಸ್ ವಾಲ್ವ್ ಹಿಡಿದುಕೊಳ್ಳಲು ಶುರುವಾಯಿತು. ಒಂದು ಭಾನುವಾರ ಅಕ್ಕನ ಮಗ ಹಿಂದಿನ ಚಕ್ರ ಬಿಚ್ಚಿ ಬ್ರೇಕ್ ಶೂ ನೋಡುತ್ತಿದ್ದಾಗ, ಯಾರೂ ಮುಟ್ಟದೇ ಇದ್ದರೂ ಗಾಡಿ ಕೂತುಬಿಟ್ಟಿತು. ಚಾಸಿ ಕೆಳಗೆ ಮರದ ದಿಮ್ಮಿ ಕೊಟ್ಟಿದ್ದ, ಡ್ರಮ್ಮು ನೆಲಕ್ಕೆ ತಾಗಲಿಲ್ಲ, ಅವನ ಕೈಯೂ ಉಳೀತು.

ಬಿಚ್ಚಿ ನೋಡಿದವರು ಹರಿಹರದ ಒಬ್ಬ ಹಿರಿಯ ಟರ್ನರ್, ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ತಯಾರಾಗುತ್ತಿದ್ದ ಕಾಲದವರು. ಸ್ಪ್ಯಾನರ್ ಮುಟ್ಟುವ ಮೊದಲೇ, ಆಯಿಲ್ ಪ್ಲಗ್ ಸುತ್ತ ಹೊಸ ಬಣ್ಣ ಸುಲಿದದ್ದು ತೋರಿಸಿ "ಇದು ಜಾಕ್ ಆಯಿಲ್ ಅಲ್ಲಪ್ಪಾ" ಅಂದರು. ಒಂದು ಲೋಟ ನೀರು ತರಿಸಿ ಅದರೊಳಗೆ ನಾಲ್ಕು ಹನಿ ಬಿಟ್ಟರು. ಹೈಡ್ರಾಲಿಕ್ ಆಯಿಲ್ ಆಗಿದ್ದರೆ ಮೇಲೆ ತೇಲಬೇಕಿತ್ತು. ಇದು ನೀರಲ್ಲಿ ಕರಗಿ ಹೋಯಿತು. ಬ್ರೇಕ್ ಆಯಿಲ್! ಡಾಟ್ 3, ಡಾಟ್ 4 ಅಂತ ಸಿಗೋದು ಗ್ಲೈಕಾಲ್ ಜಾತಿಯದು, ಬಣ್ಣ ತಿನ್ನುತ್ತೆ, ಗಾಳಿಯ ತೇವ ಎಳೆದುಕೊಂಡು ಒಳಗೆ ತುಕ್ಕು ಹಿಡಿಸುತ್ತೆ. ಜಾಕಿಗೆ ಬೇಕಾದ್ದು ಖನಿಜ ಎಣ್ಣೆ, 22 ಅಥವಾ 32 ಗ್ರೇಡಿನ ತೆಳು ಹೈಡ್ರಾಲಿಕ್ ಆಯಿಲ್.

ಒಳಗಿನದು ಇನ್ನೂ ಚೆಂದ. ರ‍್ಯಾಮಿಗೆ ನೈಟ್ರೈಲ್ ರಬ್ಬರಿನ ಓ ರಿಂಗ್ ಹಾಕಿದ್ದರು. ಅದು ಬ್ರೇಕ್ ಆಯಿಲ್ ಕುಡಿದು ಊದಿ, ಉಗುರಲ್ಲಿ ಒತ್ತಿದರೆ ಕಿತ್ತು ಬರುವಂತಾಗಿತ್ತು. ಹ್ಯಾಂಡಲ್ ಹೊಡೆದಾಗ ಆಯಿಲ್ ತಳ್ಳುವ ಪಂಪಿನ ಪ್ಲಂಜರಿಗೆ ಬ್ರೇಕ್ ಸಿಲಿಂಡರಿನ ಕಪ್ ವಾಷರ್. ಈಗಿನ ಬ್ರೇಕ್ ಕಪ್ಪುಗಳು ಹೆಚ್ಚಾಗಿ ಇಪಿಡಿಎಂ ರಬ್ಬರಿನವು, ಅವಕ್ಕೆ ಖನಿಜ ಎಣ್ಣೆ ಆಗಿಬರಲ್ಲ. ಅಂದರೆ ತಪ್ಪು ಆಯಿಲ್ ಚೆಲ್ಲಿ ಸರಿಯಾದದ್ದು ತುಂಬಿದ್ದರೂ ಈ ಜಾಕ್ ಬದುಕುತ್ತಿರಲಿಲ್ಲ. ಯಾವುದು ಹಾಕಿದರೂ ಒಂದಲ್ಲ ಒಂದು ಸೀಲ್ ಸಾಯುತ್ತಿತ್ತು. ಅಲ್ಲಿ ಮೊದಲಿದ್ದದ್ದು ಚರ್ಮದ ವಾಷರ್, ಅಳತೆಗಾದರೂ ಇರಲಿ ಅಂದರೆ ಅದನ್ನೂ ಎಸೆದಿದ್ದರು. ಹಳೇ ಸೀಲುಗಳನ್ನು ಒಂದು ಕವರಿಗೆ ಹಾಕಿ ಕೊಡಿ ಅಂತ ಮೊದಲೇ ಹೇಳಿ. ಕೊಡಲ್ಲ ಅಂದರೆ ಜಾಕ್ ಕೊಡಬೇಡಿ.

ನನಗೆ ಹೊಟ್ಟೆ ಉರಿದದ್ದು ರ‍್ಯಾಮ್ ನೋಡಿ. ತುಕ್ಕಿನ ಚುಕ್ಕೆ ತೆಗೆಯಲು ಒರಟು ಎಮರಿ ಪೇಪರಿನಲ್ಲಿ ಉದ್ದುದ್ದಕ್ಕೆ ಉಜ್ಜಿದ್ದಾರೆ. ಕ್ರೋಮ್ ಹೋಗಿದೆ, ಗೀರುಗಳು ಸೀಲ್ ಮೇಲಿಂದ ಕೆಳಕ್ಕೆ ಸಾಲಾಗಿ ಇವೆ. ಸೀಲನ್ನೂ ಕೊಯ್ಯುತ್ತವೆ, ಆಯಿಲಿಗೂ ದಾರಿ ಬಿಡುತ್ತವೆ. ಸೀಲ್ ಮತ್ತೆ ತರಬಹುದು, ಇದನ್ನು ಏನು ಮಾಡೋದು?

ಇನ್ನು ಆ ಪವರ್. ಮುಚ್ಚಳದ ಒಳಗೆ ಓವರ್‌ಲೋಡ್ ವಾಲ್ವಿನ ಸ್ಕ್ರೂ ಇರುತ್ತೆ. ತಾಳುವುದಕ್ಕಿಂತ ಹೆಚ್ಚು ಭಾರ ಬಿದ್ದರೆ ಆಯಿಲನ್ನು ಟ್ಯಾಂಕಿಗೆ ಬಿಟ್ಟುಬಿಡೋದು ಅದರ ಕೆಲಸ. ಅದನ್ನು ಪೂರ್ತಿ ಬಿಗಿದಿದ್ದರು. ಎರಡು ಟನ್ನಿನ ಜಾಕಿಗೆ ಎರಡು ಟನ್ ಅನ್ನೋ ಮಿತಿಯೇ ಇಲ್ಲದಂಗೆ ಮಾಡಿ, ಅದಕ್ಕೂ ದುಡ್ಡು ತಗೊಂಡಿದ್ದಾರೆ.

ಕೇಳೋಕೆ ಹೋದರೆ "ಹಳೇ ಮಾಲು ಅಣ್ಣ, ಗ್ಯಾರಂಟಿ ಇರಲ್ಲ" ಅಂದರು.

ಬ್ರೇಕ್ ಕೆಲಸದವರಿಗಿಂತ ಜೆಸಿಬಿ ಸಿಲಿಂಡರ್ ಸೀಲ್ ಮಾಡುವವರ ಹತ್ತಿರ ಹೋಗಿ. ಅವರು ಸೀಲ್ ಕೂರುವ ಗ್ರೂವನ್ನೇ ವರ್ನಿಯರಿನಲ್ಲಿ ಅಳೆದು ಸೀಲ್ ಕೊಡುತ್ತಾರೆ, ಊದಿದ ಹಳೇ ಸೀಲನ್ನು ಅಳೆಯೋದಿಲ್ಲ. ಆಯಿಲ್ ಡಬ್ಬಿ ನಿಮ್ಮೆದುರೇ ಒಡೆಯಲಿ. ತುಂಬುವಾಗ ರ‍್ಯಾಮ್ ಪೂರ್ತಿ ಕೆಳಗಿರಬೇಕು, ರಿಲೀಸ್ ಬಿಚ್ಚಿಟ್ಟು ಹ್ಯಾಂಡಲ್ ಹೊಡೆದು ಗಾಳಿ ತೆಗೆಯಬೇಕು. ಖಾಲಿ ಜಾಕ್ ಮೇಲೇಳೋದು ನೋಡಿ ದುಡ್ಡು ಕೊಡಬೇಡಿ. ಗಾಡಿ ಎತ್ತಿಸಿ, ಕೆಳಗೆ ದಿಮ್ಮಿ ಕೊಡಿ, ರ‍್ಯಾಮಿಗೆ ಸೀಮೆಸುಣ್ಣದ ಗೆರೆ ಹಾಕಿ ಚಾ ಕುಡಿದು ಬನ್ನಿ. ಗೆರೆ ಕೆಳಗಿಳಿದಿದ್ದರೆ ಅಲ್ಲೇ ಬಿಚ್ಚಿಸಿ.