ಹಳೇ ಒಲೆಕಟ್ಟೆಯೊಳಗೆ ಯಾವ ಒಲೆ? ಬೀಡಿನದ್ದು, ತಗಡಿನದ್ದು, ಮೇಸ್ತ್ರಿ ಕಟ್ಟಿದ್ದು

ಮನೆಯಲ್ಲಿ ಹಳೇ ಒಲೆಕಟ್ಟೆ, ಅದರ ಮೇಲೆ ಕಲ್ಲಿನ ಚಿಮಣಿ ಇದೆಯಾ? ಹಾಗಾದರೆ ಅದರೊಳಗೆ ಕೂರಿಸೋದಕ್ಕೆ ಬೀಡಿನ, ಅಂದರೆ ಎರಕದ ಕಬ್ಬಿಣದ, ಒಲೆಯೇ ಸರಿ. ನಾವು ಮೊದಲು ತಂದದ್ದು ತಗಡಿನ ರೆಡಿಮೇಡ್ ಒಲೆ. ಅದು ಬಾಳಲಿಲ್ಲ. ಈಗ ಇರುವುದು ಬೀಡಿನದ್ದು. ಪೆರ್ಲದಲ್ಲಿ ಅಕ್ಕನ ಮನೆಯಲ್ಲಿ ಮೇಸ್ತ್ರಿ ಕಟ್ಟಿದ ಇಟ್ಟಿಗೆ ಒಲೆ ಇದೆ. ಅಲ್ಲಿಗೆ ಹೋದಾಗಲೆಲ್ಲ ಅಡುಗೆಗೆ ನಿಲ್ಲುವವಳು ನಾನೇ. ಹಾಗಾಗಿ ಮೂರರ ಗುಣವೂ ಗೊತ್ತು.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಹಂಚಿನ ಮಾಡು. ಗ್ಯಾಸ್ ಇದೆ. ಆದರೆ ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ, ಕೆಲವು ಸಲ ಒಂದು ಗಂಟೆಯೇ ಬೇಕು. ತೋಟದಲ್ಲಿ ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ (ಚಿಪ್ಪು) ರಾಶಿ ಬಿದ್ದಿರುವಾಗ ಅದಕ್ಕೆ ಸಿಲಿಂಡರ್ ಯಾಕೆ ಖಾಲಿ ಮಾಡಬೇಕು ಅಂತ ಅತ್ತೆ ಕೇಳುತ್ತಾರೆ. ನ್ಯಾಯವಾದ ಮಾತು. ಹೊಗೆ ಮಾತ್ರ ಬೇಡ ಅಂತ ನನ್ನ ಹಟ. ವರ್ಷಗಟ್ಟಲೆ ಊದುಗೊಳವೆ ಹಿಡಿದವರ ಕೆಮ್ಮು ಹೇಗಿರುತ್ತದೆ ಅಂತ ದಿನಾ ರಾತ್ರಿ ಕೇಳಿದ್ದೇನೆ.

ಮೇಸ್ತ್ರಿ ಕಟ್ಟುವ ಒಲೆಯ ವಿಷಯಕ್ಕೆ ಬಂದರೆ, ಕಾಸರಗೋಡಿನವರಿಗೆ ಎರಡು ಕಡೆಯಿಂದ ವಿದ್ಯೆ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ತಲುಪಿಸಲು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದ ಅಸ್ತ್ರ ಒಲೆ ಒಂದು. ಜನರಿಗೆ ವಿಜ್ಞಾನ ಮುಟ್ಟಿಸಲು 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ಹಬ್ಬಿಸಿದ ಪರಿಷತ್ ಅಡುಪ್ಪು (ಮಲಯಾಳದಲ್ಲಿ ಒಲೆ) ಇನ್ನೊಂದು. ಎರಡರ ತತ್ವವೂ ಹೆಚ್ಚುಕಡಿಮೆ ಒಂದೇ. ಬೆಂಕಿ ಇರುವ ಗೂಡು ಸುತ್ತಲೂ ಮುಚ್ಚಿರಬೇಕು. ಕೆಂಡದ ಅಡಿಗೆ ಜಾಲರಿ, ಅದರ ಕೆಳಗಿಂದ ಗಾಳಿ. ಬಿಸಿ ಹೊಗೆ ಎರಡನೇ ಪಾತ್ರೆಯ ತಳ ಸವರಿಕೊಂಡೇ ಚಿಮಣಿಗೆ ಹೋಗಬೇಕು. ಅಕ್ಕನ ಮನೆಯಲ್ಲಿ ಹಾಗೇ ಕಟ್ಟಿದ್ದಾರೆ, ಚೆನ್ನಾಗಿ ಉರಿಯುತ್ತದೆ. ತಕರಾರು ಎರಡೇ. ಒಲೆಯ ಬಾಯಿಗೆ ಸರಿಹೊಂದುವ ಪಾತ್ರೆಯನ್ನೇ ಇಡಬೇಕು, ಸಣ್ಣದಿಟ್ಟರೆ ಸಂದಿಯಲ್ಲಿ ಹೊಗೆ. ಮತ್ತೆ ಒಳಗಿನ ಮಣ್ಣಿನ ಮೆತ್ತಿಗೆ ಬಿರುಕು ಬಿಡುತ್ತಲೇ ಇರುತ್ತದೆ, ಮೆತ್ತಬಲ್ಲವರು ಈಗ ಸಿಗೋದು ಕಷ್ಟ.

ತಗಡಿನ ಒಲೆ ನೋಡಲು ಚಂದ. ಬಾಗಿಲು, ಬೂದಿ ಟ್ರೇ, ಪೈಪಿಗೆ ಕುತ್ತಿಗೆ ಎಲ್ಲ ಇತ್ತು. 6 ಸಾವಿರದೊಳಗೆ ಸಿಕ್ಕಿತು. ಕಟ್ಟಿಗೆ ಹಾಕುವವರೆಗೆ ಏನೂ ತೊಂದರೆ ಇರಲಿಲ್ಲ. ಗೆರಟೆ ಹಾಕಲು ಶುರು ಮಾಡಿದ ಮೇಲೆ ಬಾಗಿಲು ಸೊಟ್ಟಗಾಯಿತು. ಗೆರಟೆಯ ಬೆಂಕಿ ಎಷ್ಟು ಖಾರ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮೇಲಿನ ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ಸಂದಿ ಬಿತ್ತು. ಆಮೇಲೆ ಗಾಳಿ ನಮ್ಮ ಹಿಡಿತದಲ್ಲಿ ಇಲ್ಲ, ಬೆಂಕಿ ಭರ್ರೆಂದು ಉರಿದು ಕಟ್ಟಿಗೆ ಜಾಸ್ತಿ ಖರ್ಚು. ಆಟಿ ತಿಂಗಳಲ್ಲಿ ಟ್ರೇಯಲ್ಲಿ ಬೂದಿ ಬಿಟ್ಟರೆ ಅದು ತೇವ ಹೀರಿ ತಳವನ್ನೇ ತಿನ್ನುತ್ತದೆ. ಮಳೆ ಮುಗಿಯುವಾಗ ನಮ್ಮ ಟ್ರೇಯಲ್ಲಿ ಆಚೆ ಬದಿ ಕಾಣುತ್ತಿತ್ತು.

ಬೀಡಿನದ್ದಕ್ಕೆ ದುಪ್ಪಟ್ಟಿಗಿಂತ ಜಾಸ್ತಿ ಕೊಟ್ಟೆವು. ಇಬ್ಬರು ಹಿಡಿದರೆ ಮಾತ್ರ ಏಳುತ್ತದೆ. ಬಾಗಿಲು ಇವತ್ತಿಗೂ ಮೊದಲ ದಿನದ ಹಾಗೇ ಕೂರುತ್ತದೆ.

ಈಗ ಮುಖ್ಯ ವಿಷಯ. ಯಾವ ಒಲೆ ತಂದರೂ ಹಳೇ ಚಿಮಣಿಯಲ್ಲಿ ಒಂದು ಗಂಟು ಇದೆ. ಅಂಗಡಿಯವರು ಅದನ್ನು ಹೇಳುವುದಿಲ್ಲ. ನಮ್ಮ ಚಿಮಣಿ ಒಳಗಡೆ ಒಂದೂಕಾಲು ಅಡಿ ಚೌಕ. ತೆರೆದ ಒಲೆಗೆ ಅಂತ ಕಟ್ಟಿದ್ದು, ಹೊಗೆಯ ಜೊತೆ ಅಡುಗೆಮನೆಯ ಗಾಳಿಯನ್ನೂ ಎಳೆದುಕೊಂಡು ಹೋಗುವಷ್ಟು ಅಗಲ. ಮುಚ್ಚಿದ ಒಲೆಯಿಂದ ಬರುವ ಹೊಗೆ ಅದಕ್ಕಿಂತ ಎಷ್ಟೋ ಕಡಿಮೆ. ಫಿಟ್ಟಿಂಗ್‌ಗೆ ಬಂದವರು ಮೂರಡಿ ಪೈಪನ್ನು ಚಿಮಣಿಯ ಬುಡಕ್ಕೆ ತೂರಿಸಿ, ಆಯ್ತು ಅಂತ ಹೋದರು. ಬೇಸಿಗೆಯಲ್ಲಿ ಎಲ್ಲ ಸರಿಯಿತ್ತು. ಜೂನ್ ಬಂತು ನೋಡಿ. ನೀರು ಕುಡಿದ ಮುರಕಲ್ಲಿನ ಅಷ್ಟಗಲದ ಗೂಡಿನಲ್ಲಿ ಆ ಸ್ವಲ್ಪ ಹೊಗೆ ಅರ್ಧ ದಾರಿಯಲ್ಲೇ ತಣ್ಣಗಾಗುತ್ತದೆ. ತಣ್ಣಗಾದ ಹೊಗೆ ಮೇಲೇರುವುದಿಲ್ಲ. ಮೇಲೆ ಚಿಮಣಿಯ ತಲೆಗೆ ಚಪ್ಪಡಿ ಮುಚ್ಚಿ ನಾಲ್ಕು ಬದಿಗೆ ಕಿಂಡಿ ಬಿಟ್ಟಿದ್ದಾರೆ, ಪಡುಗಾಳಿ ಅದರಲ್ಲಿ ನುಗ್ಗಿ ಇದ್ದ ಹೊಗೆಯನ್ನೂ ಕೆಳಗೆ ತಳ್ಳುತ್ತದೆ. ಬಾಗಿಲು ತೆರೆದ ಕೂಡಲೇ ಅಡುಗೆಮನೆ ತುಂಬ ಹೊಗೆ. ಗೋಡೆಯಲ್ಲಿ ಕಪ್ಪು ಅಂಟು ಇಳಿಯಲು ಶುರುವಾಯಿತು. ಹಸಿ ಕಟ್ಟಿಗೆಯ ಹೊಗೆ ತಣ್ಣಗಾದರೆ ಬರುವ ಅಂಟು ಅದು. ಒಣಗಿದ ಮೇಲೆ ಬೆಂಕಿ ಹಿಡಿಯುವ ವಸ್ತು, ಮರದ ಪಕಾಸು ಇರುವ ಮನೆಯಲ್ಲಿ ಸುಮ್ನೆ ಬಿಡುವ ಹಾಗಿಲ್ಲ.

ಪರಿಹಾರ ಒಂದೇ. ಒಲೆಯ ಕುತ್ತಿಗೆ ಎಷ್ಟು ಅಗಲವೋ ಅಷ್ಟೇ ಅಗಲದ ಪೈಪು, ಬುಡದಿಂದ ತುದಿಯವರೆಗೆ, ಚಿಮಣಿಯ ಒಳಗಿಂದಲೇ. ಚಪ್ಪಡಿಗೆ ತೂತು ಕೊರೆದು, ಮಾಡಿನ ನೆತ್ತಿಗಿಂತ ಎರಡಡಿ ಮೇಲಕ್ಕೆ ಪೈಪು ತಂದು ಟೋಪಿ ಇಟ್ಟೆವು. ಕೆಳಗೆ ಪೈಪಿನ ಸುತ್ತ ಉಳಿದ ಜಾಗಕ್ಕೆ ತಗಡು ಮುಚ್ಚಿದೆವು. ಇಲ್ಲದಿದ್ದರೆ ಅಡುಗೆಮನೆಯ ಬಿಸಿಗಾಳಿಯೆಲ್ಲ ಅಲ್ಲಿಂದ ಹೋಗಿಬಿಡುತ್ತದೆ. ಸ್ಟೈನ್‌ಲೆಸ್ ಸ್ಟೀಲ್ ಪೈಪೇ ಹಾಕಿಸಿ. ಜಿಐ ಪೈಪಿನ ಸತುವಿನ ಲೇಪ ಒಲೆಯ ಹತ್ತಿರದ ಶಾಖಕ್ಕೆ ನಿಲ್ಲುವುದಿಲ್ಲ, ಲೇಪ ಹೋದ ಮೇಲೆ ತುಕ್ಕು.

ಪೈಪಿನ ಜೋಡಣೆಯನ್ನು ನೀವೇ ನಿಂತು ನೋಡಿ. ಮೇಲಿನ ಪೈಪಿನ ತುದಿ ಕೆಳಗಿನ ಪೈಪಿನ ಒಳಗೆ ಇಳಿಯಬೇಕು. ನಮ್ಮಲ್ಲಿ ಉಲ್ಟಾ ಸೇರಿಸಿದ್ದರು. ಹೊಗೆಗೆ ಹಾಗೇ ಸರಾಗ ಅಂತ ಅವರ ಲೆಕ್ಕ. ಆದರೆ ಒಳಗೆ ಇಳಿದು ಬರುವ ಅಂಟು ಜೋಡಣೆಯಲ್ಲಿ ಹೊರಗೆ ಸೋರಿ, ಪೈಪಿನ ಮೈಮೇಲೆ ಕಂದು ಗೆರೆ ಎಳೆದು, ಅತ್ತೆ ಹಪ್ಪಳ ಒಣಗಿಸಲು ಇಟ್ಟ ಗೆರಸೆಯ ಮೇಲೆ ಬಿತ್ತು. ಬಿಚ್ಚಿಸಿ ತಿರುಗಿಸಿ ಹಾಕಿಸಿದ ಮೇಲೆ ಅಂಟು ಒಳಗೊಳಗೇ ಒಲೆಗೆ ಇಳಿದು ಉರಿದುಹೋಗುತ್ತದೆ.

ಕೂರಿಸುವಾಗ ಇನ್ನೊಂದು ವಾದ ಆಯಿತು. "ಅಕ್ಕಾ, ಸಿಮೆಂಟ್ ತುಂಬಿದ್ರೆ ಅಲುಗಾಡೋದಿಲ್ಲ" ಅಂತ ಮೇಸ್ತ್ರಿ. ಬೀಡು ಕಾದರೆ ಹಿಗ್ಗುತ್ತದೆ, ಬಿಗಿಯಾಗಿ ಸಿಮೆಂಟ್ ತುಂಬಿದರೆ ಒಂದೋ ಒಲೆ ಬಿರಿಯಬೇಕು, ಇಲ್ಲ ಕಟ್ಟೆ. ಸುತ್ತ ಒಂದೂವರೆ ಇಂಚು ಜಾಗ ಬಿಡಿಸಿ ಆವೆಮಣ್ಣಿಗೆ ಉಮಿಬೂದಿ ಕಲಸಿ ಸಡಿಲವಾಗಿ ತುಂಬಿಸಿದೆ. ಉಮಿಬೂದಿ ಶಾಖ ತಡೆಯುತ್ತದೆ, ಬೆಂಕಿಯ ಬಿಸಿ ಗೋಡೆಗೆ ಹೋಗದೆ ಪಾತ್ರೆಗೆ ಸಿಗುತ್ತದೆ.

ಪಾತ್ರೆಯ ವಿಷಯದಲ್ಲಿ ಬೀಡಿನದ್ದೇ ಮೇಲು: ಬಾಯಿಗೆ ಬಳೆಗಳಿವೆ, ಒಂದು ತೆಗೆದರೆ ದೊಡ್ಡ ಪಾತ್ರೆ, ಹಾಕಿದರೆ ಚಹಾದ ಪಾತ್ರೆ. ನೀರುದೋಸೆಗೆ ಮೊದಲ ಬಾಯಿ, ಎರಡನೆಯದರಲ್ಲಿ ಸ್ನಾನದ ನೀರು. ಬೇಗ ಚಹಾ ಬೇಕಾದರೆ ಗ್ಯಾಸೇ, ಬೀಡು ಕಾಯಲು ಹೊತ್ತು ಬೇಕು. ಕಾದ ಬೀಡಿಗೆ ತಣ್ಣೀರು ಬೀಳಿಸಬೇಡಿ, ಸೀಳುತ್ತದೆ.

ದಿನಾ ಕಟ್ಟಿಗೆಯಲ್ಲೇ ಅಡುಗೆ, ಸ್ವಂತ ಗೆರಟೆ ಇದೆ ಅನ್ನುವವರಿಗೆ ಬೀಡಿನದ್ದು. ಮಣ್ಣು ಮೆತ್ತಲು ಬರುವ ಕೈ ಮನೆಯಲ್ಲೇ ಇದ್ದು ಖರ್ಚು ಕಮ್ಮಿ ಆಗಬೇಕು ಅಂದರೆ ಮೇಸ್ತ್ರಿ ಒಲೆ ಧೈರ್ಯವಾಗಿ ಕಟ್ಟಿಸಿ. ತಗಡಿನದ್ದು ಅನುಪತ್ಯಕ್ಕೆ, ಅಂದರೆ ಮನೆಯ ಸಮಾರಂಭಕ್ಕೆ, ಹೊರಗೆ ಇಟ್ಟುಕೊಳ್ಳಲು ಸಾಕು. ಪೈಪಿಗೂ ಬೀಡಿನ ಒಲೆಗೂ ಒಟ್ಟಿಗೆ ದುಡ್ಡು ಹೊಂದದಿದ್ದರೆ ಈ ವರ್ಷ ಪೈಪು ಹಾಕಿಸಿ ಇದ್ದ ಒಲೆಯ ಗೂಡನ್ನೇ ಸುತ್ತಲೂ ಮುಚ್ಚಿ ಅದಕ್ಕೆ ಸೇರಿಸಿ, ಬೀಡಿನದ್ದು ಮುಂದಿನ ಅಡಿಕೆ ಮಾರಿದ ಮೇಲೆ ತಂದರಾಯಿತು. ಪೈಪಿನ ಬುಡದಲ್ಲಿ ಕರಿ ತೆಗೆಯಲು ಮುಚ್ಚಳ ಇಡಿಸಲು ಮರೆಯಬೇಡಿ, ಮೇ ತಿಂಗಳಲ್ಲೇ ಅದನ್ನು ತೆರೆದು ಉಜ್ಜಿಸಿ.