ಹಳೆಯ ಅಡ್ವೆಂಚರ್ ಬೈಕ್ ಕೊಳ್ಳುವವರು ಮೊದಲು ಚಾಸಿಯ ಕತ್ತು ನೋಡಿ

ಮೈಸೂರು, ಮಂಡ್ಯ ಕಡೆ ಸೆಕೆಂಡ್ ಹ್ಯಾಂಡ್ ಅಡ್ವೆಂಚರ್ ಬೈಕ್ (ಕಲ್ಲು, ಮಣ್ಣಿನ ದಾರಿಗೂ ಒಗ್ಗುವ ಬೈಕ್) ಹುಡುಕುತ್ತಿರುವವರು ಮುಂಗಡ ಕೊಡುವ ಮುನ್ನ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಮೈಸೂರಿನ ಒಂದು ಹಳೆ ಬೈಕ್ ಅಂಗಡಿಯಿಂದ ನನ್ನ ತಮ್ಮ ರಾಯಲ್ ಎನ್‌ಫೀಲ್ಡ್ ಕಂಪನಿಯ 411 ಸಿಸಿಯ ಹಿಮಾಲಯನ್ ತಂದ. ತೊಣ್ಣೂರು ಕೆರೆಯ ಆಚೆಗಿನ ಕಲ್ಲುದಾರಿಯಲ್ಲಿ ಇಳಿಯುತ್ತಿದ್ದಾಗ ಹ್ಯಾಂಡಲ್ ಒಮ್ಮೆಲೇ ಹಿಡಿತಕ್ಕೆ ಸಿಗದೆ ತಿರುಗಿ ಅವನು ಬಿದ್ದ. ಭುಜದ ಮೂಳೆ ಮುರಿಯಿತು. ಬೈಕನ್ನು ಮಂಡ್ಯಕ್ಕೆ ತಂದು ಟ್ಯಾಂಕ್ ಬಿಚ್ಚಿದಾಗ ಕಾರಣ ಕಣ್ಣೆದುರಿಗೇ ಇತ್ತು: ಹಿಂದೆ ಯಾವಾಗಲೋ ಮುರಿದಿದ್ದ ಚಾಸಿಯ ಕತ್ತಿಗೆ, ಅಂದರೆ ಮುಂಚಕ್ರ ಹಿಡಿದಿರುವ ಫೋರ್ಕ್ ಬಂದು ಬೈಕಿನ ಚೌಕಟ್ಟಿಗೆ ಕೂಡುವ ಜಾಗಕ್ಕೆ, ವೆಲ್ಡಿಂಗ್ ಮಾಡಿ, ಉಜ್ಜಿ, ಕಪ್ಪು ಬಣ್ಣ ಬಳಿದಿದ್ದರು. ಆ ವೆಲ್ಡಿಂಗ್‌ನ ಅಂಚಿನಲ್ಲೇ ಬಿರುಕು ಬಿಟ್ಟಿತ್ತು. ‘ಒಮ್ಮೆಯೂ ಬಿದ್ದಿಲ್ಲದ ಗಾಡಿ’ ಎಂದು ಹೇಳಿ ಮಾರಿದ ಬೈಕ್ ಇದು.

ಹಿಮಾಲಯನ್ ಬಗ್ಗೆ ನನ್ನ ದೂರಿಲ್ಲ. 2016ರಲ್ಲಿ ಬಂದಾಗಿನಿಂದ ಆ ಬೈಕನ್ನು ಮೆಚ್ಚಿದವನು ನಾನು. ಮುಂದೆ 21 ಇಂಚಿನ ಚಕ್ರ, 200 ಮಿಲಿಮೀಟರ್ ಆಡುವ ಫೋರ್ಕ್, ನೆಲದಿಂದ 220 ಮಿಲಿಮೀಟರ್ ಎತ್ತರ. ನಮ್ಮ ನಾಲೆ ಏರಿಗಳಿಗೂ ಮೇಲುಕೋಟೆ ಸುತ್ತಿನ ಬಂಡೆದಾರಿಗಳಿಗೂ ಹೇಳಿ ಮಾಡಿಸಿದ ಗಾಡಿ. 2023ರ ನವೆಂಬರ್‌ನಲ್ಲಿ 452 ಸಿಸಿಯ ಹೊಸ ಹಿಮಾಲಯನ್ ಬಂದ ಮೇಲೆ 411 ಈಗ ಹಳೆಯದಾಗಿ ಮಾತ್ರ ಸಿಗುತ್ತದೆ. ಹೊಸದಕ್ಕೆ ಹಣ ಹೊಂದಿಸಲಾಗದ ಹುಡುಗರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಅವರ ಆ ಆಸೆಯೇ ಇಂಥ ಅಂಗಡಿಗಳ ಬಂಡವಾಳ. ಅದಕ್ಕೇ ನನಗೆ ಇಷ್ಟು ಸಿಟ್ಟು.

ಈ ಬಗೆಯ ಬೈಕ್ ತನ್ನ ಗಾಯವನ್ನು ಬಹಳ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ. ಸಾಮಾನ್ಯ ಬೈಕಿನ ಅಲಾಯ್ ಚಕ್ರ ಜೋರಾಗಿ ಗುದ್ದಿದರೆ ಸೀಳುತ್ತದೆ, ಕಣ್ಣಿಗೆ ಬೀಳುತ್ತದೆ. ಹಿಮಾಲಯನ್‌ನ ಕಡ್ಡಿ (ಸ್ಪೋಕ್) ಚಕ್ರ ಹಾಗಲ್ಲ. ಕೈಪಳಗಿದವರು ಕಡ್ಡಿಗಳನ್ನು ಬಿಗಿ ಮಾಡಿ, ಸಡಿಲ ಮಾಡಿ ರಿಮ್ಮಿನ ಬೆಂಡ್ ತೆಗೆದುಬಿಡುತ್ತಾರೆ. ಫೋರ್ಕ್ ಕೊಳವೆಗಳ ಮೇಲೆ ರಬ್ಬರ್ ಗವಸು ಇರುವುದರಿಂದ ಒಳಗಿನ ತುಕ್ಕು, ಗೀರು ಕಾಣುವುದಿಲ್ಲ. ಎಂಜಿನ್ ಅಡಿಯ ಏಟು ತಗಡಿನ ಗಾರ್ಡ್‌ನ ಮರೆಯಲ್ಲಿ ಉಳಿಯುತ್ತದೆ. ಹೊರಗೆ ಕಾಣುವ ಗೀರುಗಳನ್ನು ತೋರಿಸಿದರೆ ‘ಆಫ್‌ರೋಡ್ ಗಾಡಿ ಅಲ್ಲವೇ ಸರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಮ್ಮ ಬೈಕಿಗೆ ಹೊಸ ಕ್ರ್ಯಾಶ್ ಗಾರ್ಡ್, ಹೊಸ ಸಾಮಾನು ಪೆಟ್ಟಿಗೆ, ಲಡಾಖ್ ಸ್ಟಿಕ್ಕರ್ ಎಲ್ಲವೂ ಇದ್ದವು.

ಇನ್ನು ಕತ್ತಿನ ವಿಷಯ. ಚಕ್ರ ದೊಡ್ಡದು, ಫೋರ್ಕ್ ಉದ್ದ. ಮುಂದಿನಿಂದ ಗುದ್ದಿದಾಗ ಆ ಉದ್ದವೇ ಸನ್ನೆಕೋಲಿನಂತಾಗಿ ಬಲವೆಲ್ಲ ಹೋಗಿ ಸೇರುವುದು ಫೋರ್ಕ್ ಚಾಸಿಗೆ ಕೂಡುವ ಜಾಗಕ್ಕೆ. ಅಲ್ಲಿ ಬೇಕಾಬಿಟ್ಟಿ ವೆಲ್ಡಿಂಗ್ ಮಾಡಿದರೆ ಪಕ್ಕದ ಲೋಹ ಕಾದು ಗುಣ ಕೆಡುತ್ತದೆ. ನುಣುಪಾದ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಕುಲುಕಾಟ ಸತತವಾಗಿ ಬಿದ್ದಾಗ ಬಿರುಕು ಬೆಳೆಯುತ್ತಾ ಹೋಗುತ್ತದೆ. ಅಂಗಡಿಯವರು ಟೆಸ್ಟ್ ರೈಡ್‌ಗೆ ಕೊಟ್ಟದ್ದು ಅಂಗಡಿ ಮುಂದಿನ ಡಾಂಬರು ರಸ್ತೆಯನ್ನು ಮಾತ್ರ. ಮಂಡ್ಯಕ್ಕೆ ತರುವಾಗ ಸರ್ವಿಸ್ ರಸ್ತೆಯ ಹಂಪುಗಳಲ್ಲಿ ಹ್ಯಾಂಡಲ್ ಬಲಕ್ಕೆ ಎಳೆಯುತ್ತದೆ ಎಂದು ತಮ್ಮ ಅಂದೇ ಅಂಗಡಿಯವರಿಗೆ ಫೋನ್ ಮಾಡಿ ಕೇಳಿದ್ದ. ‘ಟೈರ್ ಗಾಳಿ ನೋಡಿಕೊಳ್ಳಿ’ ಎಂದರು. ಗೊತ್ತಿದ್ದೂ ಹಾಗೆ ಹೇಳಿದರು ಎಂದೇ ನಾನು ನಂಬಿದ್ದೇನೆ.

ನಮ್ಮ ಬೈಕ್ ಬಿಚ್ಚಿದ ಹಿರಿಯ ಮೆಕ್ಯಾನಿಕ್ ಒಬ್ಬೊಬ್ಬ ಹುಡುಗನಿಗೂ ಇದನ್ನು ಹೇಳಿ ಎಂದು ತೋರಿಸಿಕೊಟ್ಟದ್ದು ಹೀಗಿದೆ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ. ಅದು ಬಂದು ತಾಗಿ ನಿಲ್ಲುವ ಪುಟ್ಟ ಲೋಹದ ತಡೆಗಳು ಚಾಸಿಯ ಮೇಲಿರುತ್ತವೆ. ಅವು ಜಜ್ಜಿದ್ದರೆ, ಒಂದು ಕಡೆ ಸವೆದಿದ್ದರೆ, ಹೊಸ ಬಣ್ಣ ಕಂಡರೆ, ಬೈಕ್ ಮುಂದಿನಿಂದ ಗುದ್ದಿಸಿಕೊಂಡಿದೆ ಎಂದೇ ಅನುಮಾನಿಸಿ. ಟ್ಯಾಂಕ್ ಬಿಚ್ಚಲು ಕೇಳಿ. ಒಪ್ಪದಿದ್ದರೆ ಎದ್ದು ಬನ್ನಿ. ಟಾರ್ಚ್ ಬಿಟ್ಟು ನೋಡಿದರೆ ಕಾರ್ಖಾನೆಯ ವೆಲ್ಡಿಂಗ್‌ಗೂ ರಿಪೇರಿಯ ವೆಲ್ಡಿಂಗ್‌ಗೂ ಇರುವ ವ್ಯತ್ಯಾಸ ಕಲಿಯದವರಿಗೂ ತಿಳಿಯುತ್ತದೆ. ಕತ್ತಿನ ಮೇಲೆ ಕೊರೆದಿರುವ ಚಾಸಿ ಸಂಖ್ಯೆಯ ಸುತ್ತ ಉಜ್ಜಿದ ಗುರುತಿದ್ದರೆ ಮುಂದಿನ ಮಾತೇ ಬೇಡ.

ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂಭಾಗವನ್ನು ಒಬ್ಬರು ಅದುಮಿ ಹಿಡಿದರೆ ಮುಂಚಕ್ರ ಮೇಲೇಳುತ್ತದೆ. ಆಗ ಹ್ಯಾಂಡಲ್ ನಡುವಿನಲ್ಲಿ ಸಿಕ್ಕಿಕೊಳ್ಳದೆ ಸಲೀಸಾಗಿ ಆಡಬೇಕು. ಫೋರ್ಕ್‌ನ ತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಎಂದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗಲು ಕತ್ತಿನೊಳಗಿರುವ ಬೇರಿಂಗ್) ಸಡಿಲವಾಗಿದೆ ಇಲ್ಲವೇ ಹೋಗಿದೆ. ರಬ್ಬರ್ ಗವಸು ಸರಿಸಿ ಕೊಳವೆ ನೋಡಿ. ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣದಲ್ಲಿದ್ದರೆ ನೀರು ಒಳಹೊಕ್ಕಿದೆ. ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಒಣಗಿದ ಕೆಸರಿದೆಯೇ ಎಂದು ಅದನ್ನೂ ತೆಗೆಸಿ.

ಕಾಗದಪತ್ರದಲ್ಲಿಯೂ ಇಷ್ಟೇ ಮೋಸ ಇತ್ತು. ಹಳೆಯ ವಿಮಾ ಪಾಲಿಸಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದವರಿಗೆ ಸಿಗುವ ರಿಯಾಯಿತಿ) ಸೊನ್ನೆಗೆ ಇಳಿದಿದ್ದರೆ ಹಿಂದಿನ ಅವಧಿಯಲ್ಲಿ ಪರಿಹಾರ ಪಡೆದಿರುವ ಸಾಧ್ಯತೆ ಹೆಚ್ಚು, ಯಾವುದಕ್ಕೆ ಎಂದು ಕೇಳಿ. ನಮಗೆ ಆ ಪಾಲಿಸಿಯ ಪ್ರತಿ ಸಿಕ್ಕಿದ್ದು ತಮ್ಮ ಬಿದ್ದ ಮೇಲೆ, ಹಿಂದಿನ ಮಾಲೀಕರನ್ನು ಹುಡುಕಿ ಹೋದಾಗ. ಅವರು ಗಾಡಿ ಗುದ್ದಿದ್ದನ್ನು ಮುಚ್ಚಿಡಲಿಲ್ಲ. ಅಂಗಡಿಗೆ ಅದನ್ನು ಹೇಳಿಯೇ ಕೊಟ್ಟಿದ್ದರು. ಆರ್‌ಸಿ ಆಗಲೂ ಅವರ ಹೆಸರಿನಲ್ಲೇ ಇತ್ತು. ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡಿದ್ದ ಅಂಗಡಿಯವರು ‘ಟ್ರಾನ್ಸ್‌ಫರ್ ನಾವೇ ಮಾಡಿಸುತ್ತೇವೆ’ ಎಂದು ದಿನ ದೂಡಿದ್ದರು. ಆ ಕಾರಣಕ್ಕೆ ಬೈಕಿನ ಹಾನಿಗೆ ವಿಮೆಯಿಂದ ಬಿಡಿಗಾಸೂ ಬರಲಿಲ್ಲ. ಮೂರನೆಯ ವ್ಯಕ್ತಿಯ (ಥರ್ಡ್ ಪಾರ್ಟಿ) ವಿಮೆ ಗಾಡಿಯ ಜೊತೆ ಹೊಸ ಮಾಲೀಕನಿಗೆ ಬರುತ್ತದೆ, ಸ್ವಂತ ಹಾನಿಯ ವಿಮೆ ಹೆಸರು ಬದಲಾಯಿಸದೆ ಬರುವುದಿಲ್ಲ. ಆ ದಾರಿಯಲ್ಲಿ ಬೇರೆಯವರಿಗೆ ಪೆಟ್ಟಾಗಿದ್ದರೆ ಆರ್‌ಸಿಯಲ್ಲಿ ಹೆಸರಿದ್ದ ಆ ಪಾಪದ ಮನುಷ್ಯ ಕೋರ್ಟು ಅಲೆಯಬೇಕಾಗುತ್ತಿತ್ತು. ನೋಂದಾಯಿತ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿಯೇ ಹೇಳಿದೆ. ಬೈಕ್ ಮಾರುವವರೂ ಇದನ್ನು ಗಮನಿಸಬೇಕು.

2023ರ ಏಪ್ರಿಲ್ 1ರಿಂದ ಹಳೆಯ ವಾಹನ ಮಾರುವ ಅಂಗಡಿಗೆ ಆರ್‌ಟಿಒ ಕೊಡುವ ಅಧಿಕಾರಪತ್ರ ಇರಬೇಕೆಂಬ ನಿಯಮ ಬಂದಿದೆ. ಅದು ಫಾರಂ 29-ಬಿಯಲ್ಲಿರುತ್ತದೆ, ಧೈರ್ಯವಾಗಿ ಕೇಳಿ. ನಾವು ಕೇಳಿದಾಗ ಆ ಅಂಗಡಿಯವರು ತೋರಿಸಲಿಲ್ಲ.

ದೂರು ಕೊಡಲು ಮೈಸೂರಿಗೆ ಓಡಾಡಬೇಕಿಲ್ಲ ಎಂಬುದು ನಮಗೆ ಸಿಕ್ಕ ಒಂದು ಸಮಾಧಾನ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಂಡವನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಮಾರ್ಗದರ್ಶನ ಸಿಗುತ್ತದೆ. ನಾವು ಮಂಡ್ಯದಲ್ಲಿ ದೂರು ಕೊಟ್ಟಿದ್ದೇವೆ. ಜಾಹೀರಾತಿನ ಚಿತ್ರ, ವಾಟ್ಸ್ಆ್ಯಪ್ ಸಂದೇಶ, ಹಣ ವರ್ಗಾಯಿಸಿದ ದಾಖಲೆ, ಬಿರುಕಿನ ಫೋಟೊ ಎಲ್ಲವನ್ನೂ ಸೇರಿಸಿದ್ದೇವೆ. ಅಂಗಡಿ ಕೊಟ್ಟ ರಸೀದಿ ಒಂದು ಕೈಬರಹದ ಚೀಟಿ. ಗಾಡಿ ಬಿದ್ದಿಲ್ಲವೆಂಬ ಮಾತು ಅದರಲ್ಲಿ ಇಲ್ಲ. ಅದೃಷ್ಟಕ್ಕೆ ಅದೇ ಮಾತು ಅವರ ವಾಟ್ಸ್ಆ್ಯಪ್ ಸಂದೇಶದಲ್ಲಿದೆ. ಆದ್ದರಿಂದ ಮಾರುವವರು ಬಾಯಲ್ಲಿ ಹೇಳಿದ್ದನ್ನೆಲ್ಲ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಈಗಾಗಲೇ ಇಂಥ ಬೈಕ್ ಕೊಂಡು ಓಡಿಸುತ್ತಿರುವವರು ಮುಂದಿನ ಸಲ ಮಣ್ಣುದಾರಿಗೆ ಇಳಿಸುವ ಮೊದಲು ಟ್ಯಾಂಕ್ ಬಿಚ್ಚಿಸಿ ಕತ್ತು ನೋಡಿಸಿ. ಮೆಕ್ಯಾನಿಕ್‌ಗೆ ಇದು ಹೆಚ್ಚು ಹೊತ್ತು ಹಿಡಿಯುವ ಕೆಲಸವಲ್ಲ.